ಲೆಕ್ಕ ಮಾರ್ಚಿಗಲ್ಲ, ಪುಷ್ಯ ಮಳೆಗೆ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಳಹಳ್ಳಿ, ಶರಾವತಿ ಹಿನ್ನೀರಿನ ಕಡೆ. ಅಡಿಕೆ ತೋಟದ ನಡುವೆ ಮನೆ, ಐದು ಜನ ಇದ್ದೇವೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಾಲ್ಕೈದು ದಿನ ಕರೆಂಟ್ ಇರುವುದಿಲ್ಲ. ಮಗ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಒಬ್ಬ ವ್ಯಾಪಾರಿ 5 ಕಿಲೋವ್ಯಾಟ್ ಸೋಲಾರ್, 1 ಕಿಲೋವ್ಯಾಟ್ ಗಾಳಿಯಂತ್ರ, ಬ್ಯಾಟರಿ ಎಲ್ಲ ಸೇರಿದ ‘ಹೈಬ್ರಿಡ್’ ಹಾಕಿಕೊಡುತ್ತೇನೆ ಎನ್ನುತ್ತಾರೆ. ‘ಮಳೆಗಾಲದಲ್ಲಿ ಬಿಸಿಲು ಇಲ್ಲದಿದ್ದರೆ ಗಾಳಿ ಇರುತ್ತದೆ, ಲೈನ್ ತೆಗೆಸಿಬಿಡಿ’ ಅಂತ ಅವರ ಮಾತು. ಹಾಕಿಸಬಹುದೇ? ತೋಟದ 3 ಎಚ್‌ಪಿ ಪಂಪೂ ಇದರಲ್ಲೇ ನಡೆಯುತ್ತದೆಯೇ? ಫೋನ್ ಮಾಡೋಣ ಎಂದುಕೊಂಡೆ, ಮನೆ ಹಿಂದಿನ ಹಳ್ಳದ ಸದ್ದಿಗೆ ಮಳೆಗಾಲ ಮುಗಿಯುವವರೆಗೆ ಏನೂ ಕೇಳಿಸುವುದಿಲ್ಲ. ಅದಕ್ಕೇ ಬರೆದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಹಳ್ಳದ ಸಾಲಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಸೋಲಾರ್ ಹಾಕಿಸಿ. ಬ್ಯಾಟರಿಯನ್ನು ಲೆಕ್ಕ ಮಾಡಿ ಹಾಕಿಸಿ. ಗಾಳಿಯಂತ್ರ ಬೇಡ. ಲೈನ್ ತೆಗೆಸಬೇಡಿ. ಪಂಪನ್ನಂತೂ ಬ್ಯಾಟರಿಗೆ ಕಟ್ಟಲೇಬೇಡಿ.

ನಿಮ್ಮ ಕಡೆಯ ನೀರೇ ಲಿಂಗನಮಕ್ಕಿಯಲ್ಲಿ ನಿಂತು, ಕೆಳಗೆ ಇಳಿದು 1035 ಮೆಗಾವ್ಯಾಟಿನ ಶರಾವತಿ ಕೇಂದ್ರವನ್ನು ತಿರುಗಿಸುತ್ತದೆ. ನೀವು ಕ್ಯಾಂಡಲ್ ಹಚ್ಚಿಕೊಂಡು ಕೂತಿದ್ದೀರಿ. ದೀಪದ ಬುಡ ಕತ್ತಲೆ ಅನ್ನುವುದಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಈ ಸಿಟ್ಟಿನಲ್ಲಿ ‘ಲೈನೇ ಬೇಡ’ ಅನ್ನಿಸುವುದು ಸಹಜ. ಆದರೆ ಲೈನ್ ಬಿಟ್ಟ ದಿನದಿಂದ ಆ ಕರೆಂಟ್ ಕಂಪನಿಗೆ ಮ್ಯಾನೇಜರೂ ನೀವೇ, ಲೈನ್‌ಮ್ಯಾನೂ ನೀವೇ. ಹಾಗಾಗಿ ಸಿಟ್ಟನ್ನು ಪಕ್ಕಕ್ಕಿಟ್ಟು ಲೆಕ್ಕಕ್ಕೆ ಕೂರೋಣ.

ಅಂಗಡಿಯವರ ಕಾಗದದಲ್ಲಿ ‘5 ಕಿಲೋವ್ಯಾಟ್, ದಿನಕ್ಕೆ 20 ಯೂನಿಟ್’ ಎಂದು ಬರೆದಿರುತ್ತದೆ. ಸುಳ್ಳಲ್ಲ. ಸಾವಿರ ವ್ಯಾಟ್, ಅಂದರೆ ಒಂದು ಕಿಲೋವ್ಯಾಟ್, ಒಂದು ಗಂಟೆ ನಡೆದರೆ ಒಂದು ಯೂನಿಟ್. ಫೆಬ್ರುವರಿ, ಮಾರ್ಚ್ ತಿಂಗಳಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಧಾರಾಳವಾಗಿ ಕೊಡುತ್ತದೆ. ಆದರೆ ಮಾರ್ಚಿನಲ್ಲಿ ನಿಮ್ಮ ಮನೆಯಲ್ಲಿ ಲೈನ್ ಕರೆಂಟೂ ಇರುತ್ತದೆ! ನಿಮಗೆ ಕಷ್ಟ ಬರುವುದು ಪುನರ್ವಸು, ಪುಷ್ಯ ಮಳೆಯಲ್ಲಿ. ಜುಲೈ ಮೊದಲ ವಾರದಿಂದ ಆಗಸ್ಟ್ ಶುರುವಿನ ತನಕ. ಆಗ ಅದೇ ಪ್ಯಾನೆಲ್ ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಜಡಿಮಳೆ ಹಿಡಿದ ದಿನ ಕಿಲೋವ್ಯಾಟಿಗೆ ಅರ್ಧ ಯೂನಿಟ್ ಬಂದರೆ ಪುಣ್ಯ. ಅಂದರೆ 5 ಕಿಲೋವ್ಯಾಟಿನಿಂದ ಎರಡೂವರೆ ಯೂನಿಟ್. ಲೈನ್ ಇಲ್ಲದೆ ಬದುಕುವವರು ವರ್ಷದ ಸರಾಸರಿ ನೋಡಿ ಏನೂ ಪ್ರಯೋಜನವಿಲ್ಲ. ವರ್ಷದ ಕೆಟ್ಟ ವಾರ ಯಾವುದೋ ಅದಕ್ಕೆ ಲೆಕ್ಕ ಹಾಕಬೇಕು.

ಈಗ ಖರ್ಚು ನೋಡೋಣ. ಮಳೆಗಾಲದಲ್ಲಿ ಫ್ಯಾನ್ ಹೆಚ್ಚು ಬೇಡ, ಆದರೂ ಎರಡು ಇಟ್ಟುಕೊಳ್ಳಿ. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟಿನ ಹೊಸ ನಮೂನೆ) ಆದರೆ 30 ವ್ಯಾಟ್, ಹಳೇ ಫ್ಯಾನ್ ಆದರೆ 75. ರಾತ್ರಿ 8 ಗಂಟೆ ಹೊತ್ತು ನಡೆದರೆ ಎರಡು ಹೊಸ ಫ್ಯಾನ್ ಅರ್ಧ ಯೂನಿಟ್ ತಿನ್ನುತ್ತವೆ. ಎಲ್‌ಇಡಿ ದೀಪಗಳಿಗೆಲ್ಲ ಸೇರಿ ಕಾಲು ಯೂನಿಟ್ ಸಾಕು. ಚಿಕ್ಕ ಫ್ರಿಜ್ಜಿಗೆ ಅರ್ಧದಿಂದ 0.6. ಮಗನ ಕಂಪ್ಯೂಟರ್, ಜೊತೆಗೆ ಹಗಲೂ ರಾತ್ರಿ ಉರಿಯುವ ರೂಟರ್, ಎರಡಕ್ಕೂ 0.8. ಟಿವಿಗೆ 0.2, ಮಿಕ್ಸಿ ಗ್ರೈಂಡರಿಗೆ 0.3, ಬಾವಿಯ ಸಣ್ಣ ಮೋಟಾರಿಗೆ 0.3. ಒಟ್ಟು 3 ಯೂನಿಟ್. ಸ್ನಾನದ ನೀರಿಗೆ ನಿಮ್ಮಲ್ಲಿ ಬಚ್ಚಲೊಲೆ, ಹಂಡೆ ಇದೆ ಅಂದುಕೊಂಡಿದ್ದೇನೆ. ಗೀಸರ್ ಇದ್ದರೆ ಈ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಇಂಡಕ್ಷನ್ ಒಲೆಯೂ ಹಾಗೆಯೇ.

ಇನ್ನೊಬ್ಬ ತಿನ್ನುವವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನೇ ಇನ್‌ವರ್ಟರ್. 5 ಕಿಲೋವ್ಯಾಟಿನ ಇನ್‌ವರ್ಟರ್ ಯಾವ ದೀಪವನ್ನೂ ಹಚ್ಚದೆ ಸುಮ್ನೆ ಕೂತಿದ್ದರೂ 30ರಿಂದ 50 ವ್ಯಾಟ್ ಎಳೆಯುತ್ತದೆ. 40 ಎಂದು ಹಿಡಿದರೂ 24 ಗಂಟೆಗೆ ಹತ್ತಿರ ಹತ್ತಿರ 1 ಯೂನಿಟ್. ನಿಮ್ಮ ಫ್ರಿಜ್ಜಿಗಿಂತ ಜಾಸ್ತಿ! ಮಾರ್ಚಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಜಡಿಮಳೆಯಲ್ಲಿ ಎರಡೂವರೆ ಯೂನಿಟ್ ಬರುವಾಗ ಅದರಲ್ಲಿ ಒಂದು ಇವನಿಗೇ ಹೋಗುತ್ತದೆ. ‘ಮುಂದಕ್ಕೆ ಬೇಕಾಗಬಹುದು, ದೊಡ್ಡದೇ ಇರಲಿ’ ಎಂದು ದೊಡ್ಡ ಇನ್‌ವರ್ಟರ್ ತರುವವರಿಗೆ ಈ ಮಾತು. 3 ಕಿಲೋವ್ಯಾಟ್ ನಿಮಗೆ ಸಾಕು. ಕೊಳ್ಳುವಾಗ ಖಾಲಿ ಇದ್ದಾಗ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಕೇಳಿ. ಅಂಗಡಿಯವರು ತಬ್ಬಿಬ್ಬಾದರೆ ಅದರ ಪುಸ್ತಕವನ್ನೇ ಇಸಿದುಕೊಂಡು ನೋಡಿ.

ಹಾಗಾದರೆ ದಿನಕ್ಕೆ 4 ಯೂನಿಟ್ ಬೇಕು, ಕೆಟ್ಟ ದಿನ ಬರುವುದು ಎರಡೂವರೆ. ದಿನಕ್ಕೆ ಒಂದೂವರೆ ಯೂನಿಟ್ ಕೊರತೆ. ಇದನ್ನು ತುಂಬಲು ವ್ಯಾಪಾರಿ ಗಾಳಿಯಂತ್ರ ತೋರಿಸುತ್ತಿದ್ದಾರೆ.

ಗಾಳಿಯ ಲೆಕ್ಕ ಬೇರೆ ತರಹದ್ದು. ಗಾಳಿಯ ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ. ಜೊತೆಗೆ ಗಾಳಿಯಲ್ಲಿರುವ ಶಕ್ತಿಯಲ್ಲಿ ನೂರಕ್ಕೆ 59ಕ್ಕಿಂತ ಹೆಚ್ಚು ಯಾವ ರೆಕ್ಕೆಯಿಂದಲೂ ಹಿಡಿಯಲು ಆಗುವುದಿಲ್ಲ. ಇದು ಪ್ರಕೃತಿಯ ಮಿತಿ. ಮನೆಬಳಕೆಯ ಸಣ್ಣ ಯಂತ್ರಗಳು 25ರಿಂದ 30 ಹಿಡಿದರೆ ಒಳ್ಳೆಯ ಯಂತ್ರ ಎನ್ನಬೇಕು. ಈಗ 2 ಮೀಟರ್ ಅಗಲದ ರೆಕ್ಕೆಯ ಯಂತ್ರವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 11 ಮೀಟರ್ ಗಾಳಿ, ಅಂದರೆ ಗಂಟೆಗೆ 40 ಕಿಲೋಮೀಟರ್ ವೇಗ, ಬೀಸಿದರೆ 750 ವ್ಯಾಟ್ ಆಸುಪಾಸು ಬರುತ್ತದೆ. 5 ಮೀಟರಿಗೆ ಇಳಿದರೆ 60 ವ್ಯಾಟ್. 3 ಮೀಟರಿಗೆ 13 ವ್ಯಾಟ್, ಅದೂ ಯಂತ್ರ ತಿರುಗಿದರೆ. ಹೆಚ್ಚಿನವು ಅಷ್ಟಕ್ಕೆ ತಿರುಗಲು ಶುರುವೇ ಮಾಡುವುದಿಲ್ಲ. ಯಂತ್ರದ ಮೇಲೆ ‘1 ಕಿಲೋವ್ಯಾಟ್’ ಎಂದು ಬರೆದದ್ದು ಬಿರುಗಾಳಿಯ ಲೆಕ್ಕ.

ನಿಮ್ಮ ಅಡಿಕೆ ತೋಟದೊಳಗೆ ಎಷ್ಟು ಗಾಳಿ ಇದೆ? ಮಳೆಗಾಲದಲ್ಲಿ ತಲೆ ಎತ್ತಿ ನೋಡಿ. ಅಡಿಕೆ ಮರದ ಚಂಡೆ ತೂಗಾಡುತ್ತಿರುತ್ತದೆ. ಕೆಳಗೆ ಅಂಗಳದಲ್ಲಿ ತುಳಸಿ ಗಿಡ ಅಲುಗುವುದಿಲ್ಲ. ಗಾಳಿ ಇದೆ, ಆದರೆ 50, 60 ಅಡಿ ಮೇಲಿದೆ. ಗಾಳಿಯಂತ್ರವನ್ನು ಸುತ್ತಲಿನ ನೂರೈವತ್ತು ಮೀಟರಿನೊಳಗಿನ ಯಾವುದೇ ಮರಕ್ಕಿಂತ 30 ಅಡಿಯಾದರೂ ಎತ್ತರದಲ್ಲಿ ನಿಲ್ಲಿಸಬೇಕು. ಅಂದರೆ ನಿಮಗೆ 90 ಅಡಿಯ ಕಂಬ ಬೇಕು. ಕಂಬ, ಅದನ್ನು ಎಳೆದು ಕಟ್ಟುವ ತಂತಿ, ತಳಪಾಯ, ಇವುಗಳ ಖರ್ಚು ಯಂತ್ರದ್ದಕ್ಕಿಂತ ಜಾಸ್ತಿಯಾಗುತ್ತದೆ. ಬೇರಿಂಗ್ ಹೋದರೆ ಹತ್ತುವವರು ಯಾರು? ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಅಡಿಕೆ ಮರ ಹತ್ತಲು ಗೊತ್ತು, ಅವನನ್ನು ಇದಕ್ಕೆ ಹತ್ತಿಸಬೇಡಿ ದಯವಿಟ್ಟು.

ನಾನೇ ಈ ತಪ್ಪು ಮಾಡಿದ್ದೇನೆ. ಹದಿನೈದು ವರ್ಷದ ಹಿಂದೆ, ಹುರುಪು ಜಾಸ್ತಿ ಇದ್ದ ಕಾಲ. ಮನೆಯ ತಾರಸಿಯ ಮೇಲೆ 20 ಅಡಿ ಪೈಪ್ ನಿಲ್ಲಿಸಿ ಒಂದು ಚಂದದ ಗಾಳಿಯಂತ್ರ ಏರಿಸಿದೆ. ನೋಡಲು ಊರವರೆಲ್ಲ ಬಂದರು. ತಿರುಗುತ್ತಲೂ ಇತ್ತು. ತಿರುಗುವುದಕ್ಕೂ ಕರೆಂಟ್ ಕೊಡುವುದಕ್ಕೂ ಸಂಬಂಧವಿಲ್ಲ ಎಂದು ಮೀಟರ್ ಹಾಕಿದ ಮೇಲೆ ಗೊತ್ತಾಯಿತು. ಮನೆ, ಮರಗಳಿಗೆ ಬಡಿದು ಸುಳಿ ಸುತ್ತುವ ಗಾಳಿಗೆ ಅದು ಒಂದು ಸಲ ಆಕಡೆ, ಒಂದು ಸಲ ಈಕಡೆ ಮುಖ ತಿರುಗಿಸುತ್ತ ದಿನ ಕಳೆಯುತ್ತಿತ್ತು. ರಾತ್ರಿ ಗಾಳಿ ಎದ್ದರೆ ಇಡೀ ಮನೆಯ ಗೋಡೆ ಗುಂಯ್ ಎನ್ನುತ್ತಿತ್ತು. ಅಮ್ಮ ‘ಇದನ್ನು ಇಳಿಸು, ಇಲ್ಲವಾದರೆ ನಾನು ತಂಗಿಯ ಮನೆಗೆ ಹೋಗುತ್ತೇನೆ’ ಎಂದರು. ಇಳಿಸಿದೆ. ಅದರ ಬಾಲದ ತಗಡು ಈಗಲೂ ಕೊಟ್ಟಿಗೆಯ ಕಿಟಕಿಗೆ ಮುಚ್ಚಳವಾಗಿದೆ.

ವ್ಯಾಪಾರಿಯ ಮಾತು ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ‘ಬಿಸಿಲಿಲ್ಲದಾಗ ಗಾಳಿ’ ಎಂಬುದು ನಮ್ಮ ಬಯಲುಸೀಮೆಯ ಗುಡ್ಡಗಳಲ್ಲಿ ನಿಜ. ಗದಗದ ಕಪ್ಪತಗುಡ್ಡದ ಸುತ್ತ, ಚಿತ್ರದುರ್ಗದ ಜೋಗಿಮಟ್ಟಿ ಕಡೆ ಸಾಲು ಸಾಲಾಗಿ ದೊಡ್ಡ ಗಾಳಿಯಂತ್ರಗಳು ನಿಂತಿರುವುದು ಸುಮ್ನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರಿನ ಗಾಳಿ ಬಿಡದೆ ಬೀಸುತ್ತದೆ. ಮೋಡ ಇರುತ್ತದೆ, ಮಳೆ ಅಷ್ಟಿರುವುದಿಲ್ಲ. ಬೋಳು ಗುಡ್ಡದ ಮೇಲೆ ಮನೆ ಇದ್ದು, ಮುಂಗಾರಿನ ದಿಕ್ಕಿಗೆ ಅಡ್ಡ ಏನೂ ಇಲ್ಲದವರು ಕೇಳಿದ್ದರೆ ನಾನೇ ಹಾಕಿಸಿ ಎನ್ನುತ್ತಿದ್ದೆ. ಒಂದು ಎಚ್ಚರಿಕೆಯೊಂದಿಗೆ. ಬ್ಯಾಟರಿ ತುಂಬಿದಾಗ ಸೋಲಾರ್ ಪ್ಯಾನೆಲನ್ನು ಹಾಗೇ ಬಿಟ್ಟುಬಿಡಬಹುದು, ಅದಕ್ಕೇನೂ ಆಗುವುದಿಲ್ಲ. ಗಾಳಿಯಂತ್ರವನ್ನು ಹಾಗೆ ಬಿಟ್ಟರೆ ಹೊರೆಯಿಲ್ಲದ ಎತ್ತಿನಂತೆ ಓಡಿ ರೆಕ್ಕೆ ಮುರಿದುಕೊಳ್ಳುತ್ತದೆ. ಹೆಚ್ಚಾದ ಕರೆಂಟನ್ನು ಸುಡಲು ಒಂದು ಹೀಟರ್ ಕಾಯಿಲ್ ಯಾವಾಗಲೂ ಕಾದು ಕೂತಿರಬೇಕು.

ಈಗ ನಿಮ್ಮ ಹಳ್ಳಕ್ಕೆ ಬರೋಣ.

ಫೋನ್ ಕೇಳಿಸದಷ್ಟು ಸದ್ದು ಮಾಡುವ ಹಳ್ಳ ಎಂದರೆ ನೀರು ಎತ್ತರದಿಂದ ಬೀಳುತ್ತಿದೆ. ಸದ್ದು ಎಂದರೆ ಪೋಲಾಗುತ್ತಿರುವ ಶಕ್ತಿ. ಮನೆಯಲ್ಲೇ ಕರೆಂಟ್ ಮಾಡುವ ಮಾತು ಬಂದಾಗ ಎಲ್ಲರೂ ಸೂರ್ಯ, ಗಾಳಿ ಎನ್ನುತ್ತಾರೆ. ಅದು ಬಯಲಿನವರ ಮಾತು. ಮಲೆನಾಡಿನ ಮನೆಗೆ ಸೂರ್ಯನ ಜೋಡಿ ನೀರು. ಬಿಸಿಲು ಕೈಕೊಡುವ ದಿನವೇ ಹಳ್ಳ ತುಂಬಿ ಬರುತ್ತದೆ. ಜನವರಿ ಹೊತ್ತಿಗೆ ಹಳ್ಳ ಸೊರಗಿದಾಗ ಬಿಸಿಲು ಏರಿರುತ್ತದೆ. ಇದಕ್ಕಿಂತ ಚಂದದ ಹೊಂದಾಣಿಕೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಕೆಳಗೆ ಇಳಿಯುತ್ತದೆ, ಎರಡನ್ನೂ ಗುಣಿಸಿ ಐದರಿಂದ ಗುಣಿಸಿದರೆ ಕೈಗೆ ಸಿಗುವ ವ್ಯಾಟ್ ಹೆಚ್ಚುಕಡಿಮೆ ಬರುತ್ತದೆ. ಲೆಕ್ಕದಂತೆ ಅದನ್ನು ಹತ್ತಿರ ಹತ್ತಿರ ಹತ್ತರಿಂದ ಗುಣಿಸಬೇಕು, ಆದರೆ ಅದರಲ್ಲಿ ಅರ್ಧ ಪಾಲು ದಾರಿಯಲ್ಲೇ ಹೋಗುತ್ತದೆ. ಸೆಕೆಂಡಿಗೆ 5 ಲೀಟರ್ ನೀರು, 10 ಮೀಟರ್ ಇಳಿಜಾರು ಎಂದುಕೊಳ್ಳಿ. 250 ವ್ಯಾಟ್. ‘ಅಷ್ಟೇನಾ?’ ಅನ್ನಿಸುತ್ತದೆ, ಅಲ್ವಾ? ಆದರೆ ಈ 250 ರಾತ್ರಿಯೂ ಬರುತ್ತದೆ. 24 ಗಂಟೆಗೆ 6 ಯೂನಿಟ್. ನಿಮಗೆ ಬೇಕಿರುವುದು 4. ಜಡಿಮಳೆಯ ದಿನ ಸೋಲಾರಿನಿಂದಲೇ ಈ 6 ಯೂನಿಟ್ ಬರಬೇಕಾದರೆ 12 ಕಿಲೋವ್ಯಾಟ್ ಪ್ಯಾನೆಲ್ ಹಾಕಬೇಕು.

ನೀರು ಅಳೆಯಲು ಎಂಜಿನಿಯರ್ ಬೇಡ. 15 ಲೀಟರಿನ ಬಕೆಟ್, ಒಂದು ತುಂಡು ದಬ್ಬೆ (ಸೀಳಿದ ಅಡಿಕೆ ಮರ) ಸಾಕು. ಹಳ್ಳಕ್ಕೆ ಕಲ್ಲು ಮಣ್ಣಿನಿಂದ ಸಣ್ಣ ಕಟ್ಟ ಹಾಕಿ, ನೀರೆಲ್ಲ ದಬ್ಬೆಯ ಮೇಲೆ ಬೀಳುವಂತೆ ಮಾಡಿ ಬಕೆಟ್ ಹಿಡಿಯಿರಿ. 3 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಬಕೆಟ್ಟಿಗೆ ನಿಲ್ಲದಷ್ಟು ನೀರಿದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಒಂದು ಪಾಲು ಮಾತ್ರ ತೆಗೆದುಕೊಳ್ಳಿ. ಎತ್ತರ ಅಳೆಯಲು ಗಾರೆ ಕೆಲಸದವರ ನೀರು ತುಂಬಿದ ಲೆವೆಲ್ ಪೈಪ್ ಇದೆಯಲ್ಲ, ಅದನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿರಿ. ಅಳತೆಯನ್ನು ಹಳ್ಳ ಉಕ್ಕಿದ ದಿನ ಮಾಡಬೇಡಿ. ಎರಡು ದಿನ ಮಳೆ ಬಿಟ್ಟ ಮೇಲೆ ಮಾಡಿ.

ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಕೆಳಗೆ ಟರ್ಬೈನ್ ಎಂಬ ಚಕ್ರ ತಿರುಗಿಸಿ ಕರೆಂಟ್ ತೆಗೆಯುವುದು. ಎಲ್ಲರೂ ಎಡವುವುದು ಆ ಪೈಪಿನಲ್ಲಿ. ಸೆಕೆಂಡಿಗೆ 5 ಲೀಟರ್ ನೀರನ್ನು 110 ಮಿಲಿಮೀಟರ್ ಪಿವಿಸಿ ಪೈಪಿನಲ್ಲಿ 100 ಮೀಟರ್ ತಂದರೆ ಉಜ್ಜಾಟದಲ್ಲಿ ಕಳೆದುಹೋಗುವುದು ಒಂದು ಅಡಿ ಎತ್ತರ ಮಾತ್ರ. ದುಡ್ಡು ಉಳಿಸಲು 63 ಮಿಲಿಮೀಟರ್ ಪೈಪ್ ಹಾಕಿದರೆ ಹತ್ತಿರ ಹತ್ತಿರ 6 ಮೀಟರ್ ಹೋಗುತ್ತದೆ. 10 ಮೀಟರಿನಲ್ಲಿ 6 ಪೈಪಿಗೇ! ಆಮೇಲೆ ಟರ್ಬೈನ್ ಸರಿ ಇಲ್ಲ ಎಂದು ಬೈಯುತ್ತಾರೆ. ಸಣ್ಣ ಟರ್ಬೈನ್ ಬದಲು ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪನ್ನೇ ಉಲ್ಟಾ ತಿರುಗಿಸಿಯೂ ಕರೆಂಟ್ ತೆಗೆಯಬಹುದು. ಎತ್ತರಕ್ಕೂ ನೀರಿಗೂ ಒಪ್ಪುವ ಪಂಪ್ ಆರಿಸಲು ಗೊತ್ತಿರುವವರು ಬೇಕು ಅಷ್ಟೇ. ಇದಕ್ಕೂ ಗಾಳಿಯಂತ್ರದ ನಿಯಮವೇ. ಬ್ಯಾಟರಿ ತುಂಬಿದ ಮೇಲೆ ಉಳಿದದ್ದನ್ನು ಸುಡಲು ಕಾಯಿಲ್ ಬೇಕು. ಆ ಕಾಯಿಲನ್ನು ಬಚ್ಚಲಿನ ನೀರಿನ ತೊಟ್ಟಿಗೆ ಇಳಿಸಿಬಿಡಿ. ಸೌದೆ ಉಳಿಯುತ್ತದೆ.

ಟರ್ಬೈನ್ ಮನೆಯಿಂದ ದೂರ ಇದ್ದರೆ ವೈರಿನಲ್ಲೂ ನಷ್ಟ ಇದೆ. 48 ವೋಲ್ಟಿನಲ್ಲಿ 250 ವ್ಯಾಟನ್ನು 6 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 150 ಮೀಟರ್ ತಂದರೆ ಹತ್ತರಲ್ಲಿ ಒಂದು ಪಾಲು ದಾರಿಯಲ್ಲೇ ಖರ್ಚು. ಅದಕ್ಕಿಂತ ದೂರವಿದ್ದರೆ ಬೇರೆ ವ್ಯವಸ್ಥೆ ಮಾಡಬೇಕು.

ಕಷ್ಟವನ್ನೂ ಹೇಳಿಬಿಡುತ್ತೇನೆ. ಎಲೆ. ಮಲೆನಾಡಿನ ಹಳ್ಳ ಎಂದರೆ ಅರ್ಧ ನೀರು, ಅರ್ಧ ಎಲೆ. ಪೈಪಿನ ಬಾಯಿಗೆ ಓರೆಯಾಗಿ ಜಾಲರಿ ಹಾಕಿದರೂ ಜೋರು ಮಳೆಯಲ್ಲಿ ದಿನಕ್ಕೊಮ್ಮೆ ಯಾರಾದರೂ ಕೊಪ್ಪೆ ಹಾಕಿಕೊಂಡು, ಉಂಬಳಕ್ಕೆ ಸುಣ್ಣ ಹಚ್ಚಿಕೊಂಡು ಹೋಗಿ ಬಳಿದು ಬರಬೇಕು. ಮನೆಯಲ್ಲಿ ಆ ಉತ್ಸಾಹದವರು ಒಬ್ಬರಾದರೂ ಇಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ. ಇನ್ನೊಂದು, ಪೈಪಿನ ಬಾಯಿ ನಿಮ್ಮ ಜಾಗದೊಳಗೇ ಇರಲಿ. ಅರಣ್ಯದೊಳಗೆ ಹೋಗಬೇಕಾದರೆ ಮೊದಲು ಇಲಾಖೆಯ ಅನುಮತಿ ಕೇಳಿ. ಕೆಳಗಿನ ತೋಟದವರ ನೀರಿಗೆ ತೊಂದರೆ ಇಲ್ಲ ಎಂದು ಅವರಿಗೂ ತೋರಿಸಿ. ಟರ್ಬೈನ್ ನೀರನ್ನು ಕುಡಿಯುವುದಿಲ್ಲ, ಪೂರ್ತಿ ವಾಪಸ್ ಬಿಡುತ್ತದೆ. ಆದರೂ ಜಗಳಕ್ಕೆ ಕಾರಣ ಬೇಕಿಲ್ಲವಲ್ಲ.

ಬಿಸಿಲು, ಗಾಳಿ, ನೀರು ಮೂರನ್ನೂ ಸೇರಿಸಿ ಒಂದು ಊರೇ ಬದುಕುತ್ತಿರುವ ಜಾಗವೂ ಇದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಎಗ್ ಎಂಬ ದ್ವೀಪ. ನೂರರ ಆಸುಪಾಸು ಜನ. ಹೊರಗಿನ ಲೈನ್ ಇಲ್ಲ. 2008ರ ಫೆಬ್ರುವರಿಯವರೆಗೆ ಮನೆಮನೆಯಲ್ಲಿ ಡೀಸೆಲ್ ಜನರೇಟರ್. ಅಲ್ಲಿಂದೀಚೆಗೆ ಮೂರೂ ಸೇರಿದ ಸ್ವಂತ ಕರೆಂಟ್, ನಡುವೆ ಬ್ಯಾಟರಿ. ಅವರ ಜಾಣತನ ನನಗೆ ಕಾಣುವುದು ಯಂತ್ರದಲ್ಲಿ ಅಲ್ಲ, ಅವರು ತಮಗೇ ಹಾಕಿಕೊಂಡ ಮಿತಿಯಲ್ಲಿ. ಯಾವ ಮನೆಯೂ ಒಂದೇ ಸಲಕ್ಕೆ 5 ಕಿಲೋವ್ಯಾಟಿಗಿಂತ ಹೆಚ್ಚು ಎಳೆಯುವಂತಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಮಾತು ಆಗಬೇಕು. ಮಿಕ್ಸಿ ನಡೆಯುವಾಗ ಬಾವಿ ಮೋಟಾರ್ ಹಾಕುವುದಿಲ್ಲ, ಇಷ್ಟೇ.

ಬ್ಯಾಟರಿಗೆ ಬರುತ್ತೇನೆ. ದುಡ್ಡು ಹೆಚ್ಚು ಹೋಗುವುದೂ, ಮೋಸ ಹೆಚ್ಚು ಆಗುವುದೂ ಇಲ್ಲೇ. ಸೀಸದ ಟ್ಯೂಬುಲರ್ ಬ್ಯಾಟರಿ ಎಲ್ಲರಿಗೂ ಗೊತ್ತು. 12 ವೋಲ್ಟ್, 150 ಎಎಚ್‌ನ ನಾಲ್ಕು ಇಟ್ಟರೆ, ವೋಲ್ಟನ್ನೂ ಎಎಚ್ (ಆಂಪಿಯರ್ ಗಂಟೆ) ಅಂಕಿಯನ್ನೂ ಗುಣಿಸಿ, ಕಾಗದದ ಮೇಲೆ 7.2 ಯೂನಿಟ್. ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕರಗುತ್ತದೆ. ಹಾಗಾಗಿ ಕೈಗೆ ಸಿಗುವುದು 3.6. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸೀಸದ ಬ್ಯಾಟರಿಗೆ ಆಗಾಗ ಹೊಟ್ಟೆ ತುಂಬಾ ಊಟ ಬೇಕು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಕೂರುತ್ತದೆ. ಮಲೆನಾಡಿನ ಜುಲೈ ಎಂದರೆ ಅದೇ ತಾನೇ? ತುಂಬಾ ಮನೆಗಳಲ್ಲಿ ‘ಎರಡೇ ಮಳೆಗಾಲಕ್ಕೆ ಬ್ಯಾಟರಿ ಹೋಯಿತು’ ಎನ್ನುವುದನ್ನು ಕೇಳಿದ್ದೇನೆ. ಬ್ಯಾಟರಿಯದ್ದು ತಪ್ಪಿಲ್ಲ. ಅದನ್ನು ಉಪವಾಸ ಕೆಡವಿದ್ದು ನಾವು.

ಅದಕ್ಕೇ ನಿಮಗೆ ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯ ಭಾಷೆಯಲ್ಲಿ ಎಲ್‌ಎಫ್‌ಪಿ, ಒಳ್ಳೆಯದು. ಅರೆಹೊಟ್ಟೆಯಲ್ಲಿದ್ದರೆ ಅದಕ್ಕೆ ಬೇಸರವಿಲ್ಲ. ನೂರಕ್ಕೆ 80, 90ರಷ್ಟು ಬಳಸಬಹುದು. 3000ದಿಂದ 6000 ಸಲ ತುಂಬಿ ಖಾಲಿ ಮಾಡಬಹುದು. ಹಾಕಿದ್ದರಲ್ಲಿ ನೂರಕ್ಕೆ 95ರಷ್ಟು ವಾಪಸ್ ಕೊಡುತ್ತದೆ, ಸೀಸದ್ದು 80 ಕೊಟ್ಟರೆ ಹೆಚ್ಚು. 51.2 ವೋಲ್ಟ್, 100 ಎಎಚ್‌ನ ಒಂದು ಪೆಟ್ಟಿಗೆಯಲ್ಲಿ 5 ಯೂನಿಟ್ ಇರುತ್ತದೆ, ಬಳಕೆಗೆ ನಾಲ್ಕೂ ಚಿಲ್ಲರೆ. ಅದರ ದೋಷವೂ ಇದೆ. ಒಳಗೆ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಕೂತಿರುತ್ತದೆ. ಅದು ಕೆಟ್ಟರೆ ನಿಮ್ಮ ಪೇಟೆಯ ಬ್ಯಾಟರಿ ಅಂಗಡಿಯವನ ಕೈಯಲ್ಲಿ ಏನೂ ಆಗುವುದಿಲ್ಲ. ಬೆಲೆಗಿಂತ ಮೊದಲು ‘ಬೋರ್ಡ್ ಹೋದರೆ ಎಷ್ಟು ದಿನದಲ್ಲಿ ಬದಲಿಸುತ್ತೀರಿ’ ಎಂದು ಬರಹದಲ್ಲಿ ತೆಗೆದುಕೊಳ್ಳಿ.

ಹಳ್ಳ ಇಲ್ಲದಿದ್ದರೆ ನಿಮಗೆ 5 ಕಿಲೋವ್ಯಾಟ್ ಪ್ಯಾನೆಲ್, ಇಂಥ ಎರಡು ಪೆಟ್ಟಿಗೆ ಬೇಕಿತ್ತು. ಆಗ ದಿನಕ್ಕೆ ಒಂದೂವರೆ ಯೂನಿಟ್ ಕೊರತೆ ಇದ್ದರೂ ಐದಾರು ದಿನ ಎಳೆಯಬಹುದು. ಹಳ್ಳ ಕೂಡಿಬಂದರೆ 2 ಕಿಲೋವ್ಯಾಟ್ ಪ್ಯಾನೆಲ್, ಒಂದೇ ಪೆಟ್ಟಿಗೆ ಸಾಕು. ವ್ಯಾಪಾರಿಗೆ ಇದು ಇಷ್ಟವಾಗಲಿಕ್ಕಿಲ್ಲ.

ಲೈನ್ ಯಾಕೆ ತೆಗೆಸಬಾರದು ಎಂದರೆ, ಮೊದಲನೆಯದಾಗಿ ನಿಮಗೆ ಗೃಹಜ್ಯೋತಿ ಇದೆ. 2023ರಿಂದ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ನಿಮ್ಮ ಹಳೆಯ ಸರಾಸರಿ, ಅದರ ಮೇಲೆ ನೂರಕ್ಕೆ 10, ಪುಕ್ಕಟೆ. ಪುಕ್ಕಟೆ ಕರೆಂಟ್ ಬಿಟ್ಟು ದುಡ್ಡಿನ ಕರೆಂಟ್ ಮಾಡುವುದು ಯಾವ ಲೆಕ್ಕ? ನಿಮ್ಮ ವ್ಯವಸ್ಥೆ ಹಣ ಉಳಿಸಲು ಅಲ್ಲ, ಕತ್ತಲೆ ತಪ್ಪಿಸಲು. ಹಾಗಂತ ‘ಸಬ್ಸಿಡಿ ಇದೆ, ಪಿಎಂ ಸೂರ್ಯ ಘರ್‌ನಲ್ಲಿ ಹಾಕಿಸಿ’ ಎಂದು ಯಾರಾದರೂ ಹೇಳಿದರೆ ಒಂದು ನಿಮಿಷ ನಿಲ್ಲಿ. 2024ರಲ್ಲಿ ಬಂದ ಆ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಿಗುತ್ತದೆ, ಆದರೆ ಅದು ಲೈನಿಗೆ ಜೋಡಿಸಿದ ಸೋಲಾರಿಗೆ. ಬ್ಯಾಟರಿ ಇಲ್ಲದ ಅಂಥ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಹಾಗೆ ನಿಲ್ಲಲೇಬೇಕು. ಇಲ್ಲದಿದ್ದರೆ ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮ್ಯಾನಿಗೆ ನಿಮ್ಮ ಮನೆಯ ಕರೆಂಟ್ ಹೊಡೆಯುತ್ತದೆ. ಎಷ್ಟೋ ಜನ ತಾರಸಿ ತುಂಬ ಪ್ಯಾನೆಲ್ ಹಾಕಿಸಿ, ಹಾಡಹಗಲು ಬಿಸಿಲಲ್ಲಿ ಕರೆಂಟಿಲ್ಲದೆ ಕೂತಿದ್ದಾರೆ. ಮಳೆಗಾಲದಲ್ಲಿ ಅದರಿಂದ ನಿಮಗೆ ಸಹಾಯ ಸೊನ್ನೆ.

ಲೈನ್, ಸೋಲಾರ್, ಬ್ಯಾಟರಿ ಮೂರನ್ನೂ ನೋಡಿಕೊಳ್ಳುವ ಇನ್‌ವರ್ಟರ್ ಸಿಗುತ್ತದೆ. ಅದನ್ನೇ ತನ್ನಿ. ಬೇಸಿಗೆಯಲ್ಲಿ ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನ್ ಎಂದು ಇಡಿ. ಮೃಗಶಿರ ಮಳೆ ಹಿಡಿದ ಕೂಡಲೇ ಸೆಟ್ಟಿಂಗ್ ಬದಲಿಸಿ, ಲೈನ್ ಇದ್ದಾಗಲೆಲ್ಲ ಬ್ಯಾಟರಿ ನೂರಕ್ಕೆ ನೂರು ತುಂಬಿರುವಂತೆ ಮಾಡಿ. ಮರ ಯಾವತ್ತು ಬೀಳುತ್ತದೆ ಎಂದು ಹೇಳಿ ಬೀಳುವುದಿಲ್ಲವಲ್ಲ. ಈ ಎರಡು ನಿಮಿಷದ ಕೆಲಸ ಎಷ್ಟೋ ಜನ ಮಾಡುವುದೇ ಇಲ್ಲ.

ಪಂಪಿನ ವಿಷಯ ಬೇಗ ಮುಗಿಸುತ್ತೇನೆ. 3 ಎಚ್‌ಪಿ ಎಂದರೆ 2.2 ಕಿಲೋವ್ಯಾಟ್, ಹೊರಡುವ ಕ್ಷಣದಲ್ಲಿ ಅದು ಐದಾರು ಪಟ್ಟು ಎಳೆಯುತ್ತದೆ. 3 ಕಿಲೋವ್ಯಾಟ್ ಇನ್‌ವರ್ಟರ್ ಅಲ್ಲೇ ಕೈ ಚೆಲ್ಲುತ್ತದೆ. ನಡೆದರೂ ಎರಡು ಗಂಟೆಯೊಳಗೆ ಬ್ಯಾಟರಿ ಖಾಲಿ. ಅದಕ್ಕಿಂತ ಯೋಚಿಸಿ: ಅಡಿಕೆಗೆ ನೀರು ಬೇಕಾಗುವುದು ಡಿಸೆಂಬರಿನಿಂದ ಮೇ ತನಕ, ಬಿಸಿಲು ಇರುವಾಗ. ಬ್ಯಾಟರಿ ಯಾಕೆ ನಡುವೆ? ಬೇಸಿಗೆಯಲ್ಲೂ ಲೈನ್ ಕೈಕೊಡುತ್ತಿದ್ದರೆ ಸುಮಾರು 3 ಕಿಲೋವ್ಯಾಟ್ ಪ್ಯಾನೆಲ್ಲಿನಿಂದ ನೇರ ನಡೆಯುವ ಸೋಲಾರ್ ಪಂಪ್ ಹಾಕಿಸಿ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ನಿಮಗೆ ಅದಕ್ಕೆ ಸಹಾಯಧನ ಸಿಗುತ್ತದೆಯೇ ಎಂದು ವಿಚಾರಿಸಿ. ಹಗಲು ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿ, ಬೇಕಾದಾಗ ಬಿಡಿ.

ಇಲ್ಲಿ ಒಂದು ಮಾತು. ‘ಹಗಲು ನೀರು ಮೇಲೇರಿಸಿ, ರಾತ್ರಿ ಅದೇ ನೀರು ಇಳಿಸಿ ಕರೆಂಟ್ ಮಾಡಿದರೆ ಬ್ಯಾಟರಿಯೇ ಬೇಡವಲ್ಲ’ ಎಂದು ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. 10,000 ಲೀಟರ್ ನೀರನ್ನು 20 ಮೀಟರ್ ಮೇಲೆ ಇಟ್ಟರೆ ಅದರಲ್ಲಿರುವ ಶಕ್ತಿ ಅರ್ಧ ಯೂನಿಟ್ ಚಿಲ್ಲರೆ. ಇಳಿಯುವಾಗ ಅದರಲ್ಲೂ ಅರ್ಧ ಹೋಗುತ್ತದೆ. ಉಳಿದದ್ದರಲ್ಲಿ ನಿಮ್ಮ ಫ್ರಿಜ್ಜೂ ಒಂದು ದಿನ ನಡೆಯುವುದಿಲ್ಲ. ಬೆಟ್ಟವನ್ನೇ ಟ್ಯಾಂಕ್ ಮಾಡುವ ಸರ್ಕಾರದ ಕೆಲಸ ಅದು, ಮನೆಯದ್ದಲ್ಲ.

ಕೂರಿಸುವಾಗ ನೋಡಬೇಕಾದ ಕೆಲವು ಮಾತು. ಪ್ಯಾನೆಲ್ ಅನ್ನು ದಕ್ಷಿಣಕ್ಕೆ 14, 15 ಡಿಗ್ರಿ ವಾಲಿಸಿ ಎನ್ನುತ್ತಾರೆ, ಸಾಗರದ ಅಕ್ಷಾಂಶ 14 ಎಂಬ ಕಾರಣಕ್ಕೆ. ನಾನು 10 ಸಾಕು ಎನ್ನುತ್ತೇನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ನಿಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಮೋಡದ ದಿನ ಬೆಳಕು ಇಡೀ ಆಕಾಶದಿಂದ ಬರುತ್ತದೆ. ಹೆಚ್ಚು ಮಲಗಿದ ಪ್ಯಾನೆಲ್ಲಿಗೆ ಆಗ ಲಾಭ. 10ಕ್ಕಿಂತ ಕಡಿಮೆ ಮಾಡಿದರೆ ಕೆಳಗಿನ ಅಂಚಿನಲ್ಲಿ ನೀರು ನಿಂತು ಪಾಚಿ ಬೆಳೆಯುತ್ತದೆ. ತೋಟದ ನೆರಳಿನ ಬಗ್ಗೆ ಮಾತ್ರ ರಾಜಿ ಬೇಡ. ಒಂದೇ ಸೋಗೆಯ ನೆರಳು ಬಿದ್ದರೂ ಆ ಪ್ಯಾನೆಲ್ಲಿನ ಒಂದು ಭಾಗ ಪೂರ್ತಿ ಕೈಬಿಡುತ್ತದೆ. ಅಡಿಕೆ ಒಣಗಿಸುವ ಅಂಗಳದ ಅಂಚು ಸಾಮಾನ್ಯವಾಗಿ ಒಳ್ಳೆಯ ಜಾಗ. ನೀವು ಬಿಸಿಲು ನೋಡಿಯೇ ಅಂಗಳ ಮಾಡಿಕೊಂಡಿರುತ್ತೀರಿ.

ಪ್ಯಾನೆಲ್ ಕಡೆಯ ಸ್ವಿಚ್, ಬ್ರೇಕರ್ ಎಲ್ಲ ಡಿಸಿಯದ್ದೇ ಆಗಿರಬೇಕು. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಸ್ವಿಚ್ ತೆಗೆದಾಗ ಕಿಡಿ ತಾನಾಗಿ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಎಸಿ ಬ್ರೇಕರ್ ಹಾಕಿದರೆ ಕಿಡಿ ಆರದೆ ಪೆಟ್ಟಿಗೆಯೇ ಹತ್ತಿಕೊಳ್ಳುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಇದನ್ನು ಮಾಡುವ ಕೆಲಸಗಾರರನ್ನು ಕಣ್ಣಾರೆ ಕಂಡಿದ್ದೇನೆ. ಏಪ್ರಿಲ್, ಮೇ ಗುಡುಗಿಗೆ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನಿಂದ ತಂತಿಯಲ್ಲಿ ನುಗ್ಗುವ ಕರೆಂಟ್ ತಡೆಯುವ ಸಾಧನ) ಬೇಕೇ ಬೇಕು. ಜಂಬಿಟ್ಟಿಗೆ ನೆಲದಲ್ಲಿ ಅರ್ಥಿಂಗ್ ಸುಲಭಕ್ಕೆ ಹಿಡಿಯುವುದಿಲ್ಲ, ತೇವ ಆರದ ಜಾಗ ನೋಡಿ ಹೂಳಿಸಿ. ಇನ್‌ವರ್ಟರಿನ ಗಾಳಿಕಿಂಡಿಗೆ ಸಣ್ಣ ಜಾಲರಿ ಕಟ್ಟಿ. ನಾನು ಬಿಚ್ಚಿ ನೋಡಿದ ಸುಟ್ಟ ಇನ್‌ವರ್ಟರುಗಳಲ್ಲಿ ಹಲ್ಲಿ ಸಿಕ್ಕಿದ್ದೇ ಹೆಚ್ಚು. ಒಂದು ವೇಳೆ ಸೀಸದ ಬ್ಯಾಟರಿಯನ್ನೇ ತಂದರೆ ದೇವರ ಕೋಣೆಯ ಪಕ್ಕ ಇಡಬೇಡಿ. ತುಂಬುವಾಗ ಅದು ಹೈಡ್ರೋಜನ್ ಬಿಡುತ್ತದೆ, ನಂದಾದೀಪಕ್ಕೆ ಅದು ಒಳ್ಳೆಯ ನೆರೆಯಲ್ಲ. ಹೆಂಚಿನ ಕೆಳಗಿನ ಅಟ್ಟವೂ ಬೇಡ, ಬೇಸಿಗೆಯ ಕಾವಿಗೆ ಯಾವ ಬ್ಯಾಟರಿಯೂ ಬೇಗ ಮುದಿಯಾಗುತ್ತದೆ.

ವ್ಯಾಪಾರಿಗೆ ಸದ್ಯಕ್ಕೆ ‘ಯೋಚಿಸಿ ಹೇಳುತ್ತೇನೆ’ ಎನ್ನಿ. ಮಳೆ ಎರಡು ದಿನ ಬಿಡುವು ಕೊಟ್ಟಾಗ ಬಕೆಟ್ ತೆಗೆದುಕೊಂಡು ಹಳ್ಳಕ್ಕೆ ಹೋಗಿ. ಜೂನ್ ಕೊನೆಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ಅಳೆಯಿರಿ. ಎಷ್ಟು ಸೆಕೆಂಡಿಗೆ ತುಂಬಿತು, ನೀರು ಎಷ್ಟು ಅಡಿ ಇಳಿಯುತ್ತದೆ, ಅಲ್ಲಿಂದ ಮನೆಗೆ ಎಷ್ಟು ದೂರ, ಇಷ್ಟು ಬರೆದು ಕಳಿಸಿ. ಪೈಪಿನ ಸೈಜು, ವೈರಿನ ದಪ್ಪ ನಾನು ಲೆಕ್ಕ ಮಾಡಿ ಬರೆಯುತ್ತೇನೆ.